ಹೆಸರು ಹಾಕದ ಪ್ರಾರ್ಥನೆ

ಸಿಂಧನೂರು
9 ಅಕ್ಟೋಬರ್ 2024

ಅಮ್ಮ,

ಫೋನ್ ಆಫ್ ಮಾಡಿ ಸೆಮಿನರಿಯವರು ನನ್ನನ್ನು ಸೇವೆಗೆ ಕಳಿಸಿರುವ ಇಲ್ಲಿನ ದೇವಾಲಯದ ಫಾದರ್ ಅವರ ಬೀರುವಿನಲ್ಲಿ ಇಟ್ಟಿದ್ದೇನೆ. ನೀನು ಎಷ್ಟು ಸಲ ಮಾಡಿದರೂ ಸಿಗುವುದಿಲ್ಲ, ಗಾಬರಿಯಾಗಬೇಡ. ಆರೋಗ್ಯವಾಗಿದ್ದೇನೆ. ಕೋಪದಲ್ಲಿದ್ದೇನೆ, ಅಷ್ಟೇ.

ಸೆಪ್ಟೆಂಬರಿನಲ್ಲಿ ಮಾತೆ ಮರಿಯಮ್ಮನವರ ಹಬ್ಬಕ್ಕೆ ಮನೆಗೆ ಬಂದಾಗ, ನೀನು ತೆಂಗಿನಕಾಯಿ ತುರಿಯುತ್ತಾ ಕೂತಿದ್ದಾಗ, ನಿನಗೊಂದು ಮಾತು ಹೇಳಿದೆ. "ಅಮ್ಮ, ನಂಗೆ ಪ್ರಾರ್ಥನೆ ಮಾಡೋಕೇ ಆಗ್ತಾ ಇಲ್ಲ. ವರ್ಷದ ಮೇಲಾಯ್ತು. ಬಾಯಿ ಮಾತ್ರ ಆಡುತ್ತೆ. ಜನವರೀಲಿ ದೀಕ್ಷೆ ತಗೊಳ್ಳೋದೋ ಬೇಡ್ವೋ ಗೊತ್ತಾಗ್ತಿಲ್ಲ." ಸೆಮಿನರಿಯಲ್ಲಿ ಯಾರಿಗೂ ಹೇಳದ ಮಾತು ಅದು. ಉಪಯಾಜಕ ದೀಕ್ಷೆ ಗುರುವಾಗುವ ಮುಂಚಿನ ಮೆಟ್ಟಿಲು, ಹತ್ತಿದ ಮೇಲೆ ಇಳಿಯುವಂತಿಲ್ಲ ಎಂಬುದು ನಿನಗೂ ಗೊತ್ತು. ಅದಕ್ಕೇ ಮೊದಲು ನಿನ್ನ ಹತ್ತಿರ ಹೇಳಿದೆ. ನೀನು ತುರಿಯುವುದನ್ನು ನಿಲ್ಲಿಸಿ ನನ್ನ ತಲೆ ಸವರಿದೆ. ಮಾತು ಅಲ್ಲಿಗೇ ಉಳಿಯಿತು ಎಂದುಕೊಂಡೆ.

ಕಳೆದ ವಾರ ಯಾರೋ ಅಪರಿಚಿತರು ನನ್ನನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಸಂತ ಮಿಕಾಯೇಲರು ಸೈತಾನನನ್ನು ತುಳಿಯುತ್ತಿರುವ ಚಿತ್ರ. ಕೆಳಗೆ ಹಳದಿ ಅಕ್ಷರದಲ್ಲಿ, 'ದೀಕ್ಷೆಯ ಹೊಸ್ತಿಲಲ್ಲಿ ಸೈತಾನನ ಪ್ರಲೋಭನೆಗೆ, ಕಠಿಣ ಶೋಧನೆಗೆ ಸಿಲುಕಿರುವ ಬ್ಯಾಡರಹಳ್ಳಿಯ ನಮ್ಮ ಸಹೋದರನಿಗಾಗಿ ಸರಪಳಿ ಜಪಮಾಲೆ. ನಿಮ್ಮ ಹೊತ್ತು ಆರಿಸಿಕೊಳ್ಳಿ.' ಕುವೈತಿನಿಂದ ಒಬ್ಬರು, ಮೈಸೂರಿನಿಂದ ಒಬ್ಬರು ಹೆಸರು ಕೊಟ್ಟಿದ್ದರು. ನಾನು ಗುರುವಾಗಲು ಓದುತ್ತಿರುವ ಬ್ರದರ್ ಅಂತ ನನಗೂ ಬೆಳಗಿನ ಒಂದು ಹೊತ್ತು ಕೊಟ್ಟಿದ್ದರು. ನನಗಾಗಿ ನಡೆಯುವ ಜಪಕ್ಕೆ ನನ್ನನ್ನೇ ಸರದಿಗೆ ಹಾಕಿದ್ದರು ಅಮ್ಮ. ಬ್ಯಾಡರಹಳ್ಳಿಯಿಂದ ಈ ಸಲ ದೀಕ್ಷೆ ತೆಗೆದುಕೊಳ್ಳುವವರು ಎಷ್ಟು ಜನ ಇದ್ದಾರೆ, ಹೇಳು.

ಹೇಳುವುದೇನಾದರೂ ಇದ್ದರೆ ಕಾಗದ ಬರೆ. ಒಬ್ಬರಿಗೆ ಬರೆದದ್ದು ಒಬ್ಬರಿಗೇ ತಲುಪಲಿ.

ಇನ್ನಾಸಿ


ಬ್ಯಾಡರಹಳ್ಳಿ, ಬೆಂಗಳೂರು
18 ಅಕ್ಟೋಬರ್ 2024

ಪ್ರೀತಿಯ ಮಗ ಇನ್ನಾಸಿಗೆ,

ಸರ್ವೇಶ್ವರ ನಿನ್ನನ್ನು ಕಾಯಲಿ. ಅಂಚೆಯವನು ಲಕೋಟೆ ಕೊಟ್ಟಾಗ ಬಾಗಿಲಲ್ಲೇ ನಿಂತು ಹರಿದು ತೆಗೆದೆ. ಈ ಕಾಲದಲ್ಲಿ ಮನೆಗೆ ಕಾಗದ ಬಂದರೆ ಒಂದೋ ಬ್ಯಾಂಕಿನದ್ದು, ಇಲ್ಲವೇ ಕೋರ್ಟಿನದ್ದು. ಓದಿದ ಮೇಲೆ ಕೋರ್ಟಿನದ್ದೇ ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕೋರ್ಟಿನಲ್ಲಾದರೆ ನನ್ನ ಕಡೆ ಮಾತಾಡಲು ಒಬ್ಬ ವಕೀಲನಾದರೂ ಇರುತ್ತಿದ್ದ.

ನಾನು ಹೆಸರು ಹಾಕಿರಲಿಲ್ಲ ಕಣೋ. ಅಷ್ಟು ವರ್ಷ ಕಾನ್ವೆಂಟ್ ಶಾಲೆಯಲ್ಲಿ ಕನ್ನಡ ಪಾಠ ಹೇಳಿದವಳಿಗೆ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಗೊತ್ತಿಲ್ಲವೇ? 'ಶೋಧನೆಯಲ್ಲಿರುವ ಒಬ್ಬ ಸಹೋದರನಿಗಾಗಿ' ಎಂದಷ್ಟೇ ನಮ್ಮ ಜಪಮಾಲೆ ಬಳಗದಲ್ಲಿ ಹಾಕಿದೆ. ದೀಕ್ಷೆ ಅಂತ, ಬ್ಯಾಡರಹಳ್ಳಿ ಅಂತ ಸೇರಿಸಿ ಚಿತ್ರ ಮಾಡಿದ್ದು ಬಳಗದ ಮದಲೇನಮ್ಮನ ಸೊಸೆ. ಅವಳಿಗೆ ಹೊಸ ಫೋನ್ ಬಂದಿದೆ, ಕೈ ಸುಮ್ಮನಿರುವುದಿಲ್ಲ. ನಾನು ಗುಂಪಿನ ಅಡ್ಮಿನ್ ಆದಮಾತ್ರಕ್ಕೆ ಎಲ್ಲರ ಬೆರಳು ಹಿಡಿದುಕೊಳ್ಳಲು ಆಗುತ್ತದೆಯೇ?

ಆ ಗುಂಪನ್ನು ಮಾತ್ರ ಹೀಗಳೆಯಬೇಡ. ಕೊರೊನಾದಲ್ಲಿ ನಿಮ್ಮಪ್ಪ ಆಸ್ಪತ್ರೆ ಸೇರಿದಾಗ ದೇವಾಲಯಕ್ಕೆ ಬೀಗ ಬಿದ್ದಿತ್ತು, ನೆಂಟರಿಗೆ ಜೀವಭಯ, ನೀನು ಸೆಮಿನರಿಯೊಳಗೆ. ನನ್ನ ಜೊತೆಗಿದ್ದದ್ದು ಫೋನಿನೊಳಗಿನ ಆ ಹೆಂಗಸರು. ಒಬ್ಬಳ ದನಿ ಬತ್ತಿದರೆ ಇನ್ನೊಬ್ಬಳು ನಮೋ ಮರಿಯ ಜಪ ಮುಂದುವರಿಸುತ್ತಿದ್ದಳು. ನಿಮ್ಮಪ್ಪ ಉಳಿಯಲಿಲ್ಲ, ನಾನು ಉಳಿದೆ. ಅಂದಿನಿಂದ ಕಷ್ಟ ಬಂದರೆ ನನ್ನ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಮಗ ಹೀಗೆಂದ ಎಂದು ನಾನೊಬ್ಬಳೇ ಎದೆಯಲ್ಲಿಟ್ಟುಕೊಂಡು ಹೇಗಿರಲಿ? ಹತ್ತು ಜನ ಕೂಗಿದರೆ ದೇವರಿಗೆ ಬೇಗ ಕೇಳಿಸುವುದಿಲ್ಲವೇ?

ಪಕ್ಕದ ಮನೆಯ ಬಸವರಾಜೇಶ್ವರಿ ನಿನ್ನನ್ನು ಕೇಳುತ್ತಲೇ ಇರುತ್ತಾರೆ. ಅವರ ತವರಿನಲ್ಲೂ ಒಬ್ಬ ಹುಡುಗನನ್ನು ಮಠಕ್ಕೆ ಮರಿಸ್ವಾಮಿಯಾಗಿ ಬಿಟ್ಟಿದ್ದಾರಂತೆ. "ಮಠಕ್ಕ ಬಿಟ್ಟ ಮ್ಯಾಲೆ ಮುಗೀತ್ರೀ ಕ್ಲಾರಮ್ಮ. ವಾಪಸ್ ಮನಿಗೆ ಬಂದ ಅಂದ್ರ ಊರಾಗ ತಲಿ ಎತ್ತಂಗಿಲ್ಲ," ಅಂದರು. ನಾನು ನಕ್ಕು ಒಳಗೆ ಬಂದೆ. ನಗು ಬಾಗಿಲಲ್ಲೇ ಉಳಿಯಿತು.

ಒಂದು ಒಳ್ಳೆಯ ಸುದ್ದಿ ಇದೆ. ನಮ್ಮ ಗಾಯನವೃಂದದಲ್ಲಿ ಕೀಬೋರ್ಡ್ ನುಡಿಸುತ್ತಾಳಲ್ಲ, ಉಲ್ಲಾಳದ ಕಲಾ, ನೀನು ರಜೆಗೆ ಬಂದಾಗಲೆಲ್ಲ ಜೊತೆಯಲ್ಲಿ ಹಾಡುತ್ತಿದ್ದೆಯಲ್ಲ, ಅವಳಿಗೆ ಮದುವೆ ಗೊತ್ತಾಗಿದೆ. ಹುಡುಗ ಕೆಂಗೇರಿಯವನು. ನವೆಂಬರ್ ಕೊನೆಗೆ, ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಶುರುವಾಗುವ ಮೊದಲೇ ಮುಗಿಸುತ್ತಾರಂತೆ. ಹುಡುಗಿ ಹೂವಿನಂತೆ ಅರಳಿದ್ದಾಳೆ.

ಮುದ್ದೆ ಬಿಟ್ಟು ಬೇರೆ ಗೊತ್ತಿಲ್ಲದವನು ಅಲ್ಲಿ ಜೋಳದ ರೊಟ್ಟಿ ಹೇಗೆ ತಿನ್ನುತ್ತೀಯೋ. ಕೋಪ ಇಳಿದ ಮೇಲೆ ಬರೆ.

ನಿನ್ನ ಅಮ್ಮ
ಕ್ಲಾರ


ಬ್ಯಾಡರಹಳ್ಳಿ
19 ನವೆಂಬರ್ 2024

ಇನ್ನಾಸಿ,

ನೀನು ಬರೆಯಲಿಲ್ಲ. ತಿಂಗಳು ಕಾದೆ. ಈಗ ನಾನೇ ಬರೆಯಬೇಕಾಗಿ ಬಂದಿದೆ, ಬೇರೆಯವರಿಂದ ಕೇಳುವ ಮುಂಚೆ ನನ್ನಿಂದಲೇ ಕೇಳು.

ಚಿತ್ರ ಹರಡಿದ ಮೇಲೆ ಜನ ಸುಮ್ಮನಿರುತ್ತಾರೆಯೇ? ಶೋಧನೆ ಅಂದರೆ ಏನು ಶೋಧನೆ ಎಂದು ಗುಸುಗುಸು ಶುರುವಾಯಿತು. ಬ್ರದರ್ ಒಬ್ಬನಿಗೆ ಬರುವ ಶೋಧನೆ ಅವರಿಗೆ ಗೊತ್ತಿರುವುದು ಒಂದೇ. ಒಂದು ಭಾನುವಾರ ಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ಗವಿಯ ಮಾತೆಯ ಪ್ರತಿಮೆಯ ಹತ್ತಿರ ನಿಂತಿದ್ದಾಗ ಮದಲೇನಮ್ಮ ಕಿವಿಗೆ ಬಾಯಿಟ್ಟಳು. "ಹುಡುಗೀನಾ ಕ್ಲಾರಮ್ಮ?" ನಾನು ಏನೂ ಹೇಳಲಿಲ್ಲ. ಮೇಣದಬತ್ತಿ ಹಚ್ಚಿ ಬಂದುಬಿಟ್ಟೆ.

ಅದೇ ವಾರ ಯಾರೋ, ನಮ್ಮ ದೇವಾಲಯದ ಯುವಕರ ಸಂಘದ ಇನ್‌ಸ್ಟಾಗ್ರಾಂ ಪುಟದಿಂದ ಸೆಪ್ಟೆಂಬರ್ ಹಬ್ಬದ ಫೋಟೋ ಹುಡುಕಿ ತೆಗೆದರು. ನೀನು ಹಾಡಿನ ಪುಸ್ತಕ ಹಿಡಿದು ನಿಂತಿದ್ದೀಯ, ಕಲಾ ಕೀಬೋರ್ಡಿನ ಹಿಂದೆ ಕೂತು ನಗುತ್ತಿದ್ದಾಳೆ. ಸುತ್ತ ಇದ್ದ ಹತ್ತಾರು ಮಂದಿಯನ್ನು ಕತ್ತರಿಸಿ, ಇಬ್ಬರನ್ನೇ ಉಳಿಸಿ ಗುಂಪಿಗೆ ಹಾಕಿದರು. 'ಈ ಸಹೋದರಿಯ ಮನಸ್ಸೂ ತಿರುಗಲಿ, ದೇವರ ಕರೆಗೆ ಅಡ್ಡಿಯಾಗದಿರಲಿ ಎಂದು ಪ್ರಾರ್ಥಿಸೋಣ.' ಬೈದಿದ್ದರೆ ಬೈದವರನ್ನು ಹಿಡಿದು ಕೇಳಬಹುದಿತ್ತು. ಎಲ್ಲರೂ ಪ್ರಾರ್ಥನೆಯನ್ನೇ ಬರೆದಿದ್ದರು, ಯಾರನ್ನು ಹಿಡಿಯಲಿ? ನಾನು ಅಳಿಸಿ ಹಾಕಿದೆ. ಅಷ್ಟರಲ್ಲಿ ಅದು ನಾಯಂಡಹಳ್ಳಿ ದಾಟಿ ಕೆಂಗೇರಿ ಮುಟ್ಟಿತ್ತು.

ನವೆಂಬರ್ ಹತ್ತರ ಭಾನುವಾರ ಕಲಾಳ ಮದುವೆಯ ಮೊದಲ ಪ್ರಕಟಣೆ ಓದಿದರು. "ಈ ಮದುವೆಗೆ ಅಡ್ಡಿ ಏನಾದರೂ ಇರುವುದು ಯಾರಿಗಾದರೂ ತಿಳಿದಿದ್ದರೆ ಗುರುಗಳಿಗೆ ತಿಳಿಸತಕ್ಕದ್ದು," ಎಂದು ಫಾದರ್ ಚೌರಪ್ಪ ಪೀಠದಿಂದ ಹೇಳುತ್ತಿದ್ದಂತೆ ಮುಂದಿನ ಸಾಲಿನ ಹೆಂಗಸರು ಮುಖ ಮುಖ ನೋಡಿಕೊಂಡರು. ಮೂರು ಭಾನುವಾರ ಓದಬೇಕಲ್ಲ. ಮೊನ್ನೆ ಎರಡನೆಯ ಭಾನುವಾರ ಓದಲೇ ಇಲ್ಲ. ಕೆಂಗೇರಿಯವರು ಸ್ವಲ್ಪ ಕಾಯೋಣ ಅಂದಿದ್ದಾರಂತೆ. ಕಲಾ ಕೀಬೋರ್ಡಿನ ಮುಂದೆಯೇ ಕೂತಿದ್ದಳು. ಕೊನೆಯ ಹಾಡು ಬಂದಾಗ ನುಡಿಸಿದಳು. ತಪ್ಪಿಲ್ಲದೆ ನುಡಿಸಿದಳು.

ನಾನು ಯಾರ ಹೆಸರನ್ನೂ ಎಲ್ಲಿಯೂ ಹೇಳಿಲ್ಲ, ದೇವರಾಣೆ. 

ಅಮ್ಮ


ಸಿಂಧನೂರು
27 ನವೆಂಬರ್ 2024

ಅಮ್ಮ,

ಮದಲೇನಮ್ಮ ಕೇಳಿದಾಗ ನೀನು ಏನೂ ಹೇಳಲಿಲ್ಲ ಎಂದು ಬರೆದಿದ್ದೀಯ. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಯಾಕೆ ಹೇಳಲಿಲ್ಲ?

ಸೆಪ್ಟೆಂಬರಿನಲ್ಲಿ ಕಲಾ ನಕ್ಕಿದ್ದು ಯಾಕೆ ಗೊತ್ತೇ? ನಾನು ಶ್ರುತಿ ತಪ್ಪಿದ್ದೆ. "ಬ್ರದರ್, ದೀಕ್ಷೆ ಆದ್ಮೇಲೆ ಪೂಜೇಲಿ ಹಾಡ್ಬೇಡಿ, ಜನ ಎದ್ದು ಹೋಗ್ತಾರೆ," ಅಂದಳು. ಅಷ್ಟೇ. ಅವಳಿಗೂ ನನಗೂ ಇದಕ್ಕಿಂತ ದೊಡ್ಡ ಮಾತು ಎಂದೂ ನಡೆದಿಲ್ಲ.

ಯೋಚಿಸಿ ನೋಡಿದೆ. ನಾನು ಈಗ ಸೆಮಿನರಿ ಬಿಟ್ಟರೆ, 'ನೋಡಿದ್ರಾ, ನಾವು ಹೇಳಲಿಲ್ಲವೇ' ಎನ್ನುತ್ತಾರೆ. ಕಲಾಳ ಮೇಲಿನ ಮಾತಿಗೆ ನಾನೇ ಮೊಹರು ಒತ್ತಿದಂತೆ. ಅವಳ ಮದುವೆ ಇದೊಂದೇ ಅಲ್ಲ, ಮುಂದೆಯೂ ಕೂಡುವುದಿಲ್ಲ. ದೀಕ್ಷೆ ತೆಗೆದುಕೊಂಡರೆ ಬಾಯಿಗಳು ಮುಚ್ಚುತ್ತವೆ. ಆದ್ದರಿಂದ ಜನವರಿಯಲ್ಲಿ ತೆಗೆದುಕೊಳ್ಳುತ್ತೇನೆ. ಪ್ರಾರ್ಥನೆ ಬರುತ್ತದೋ ಇಲ್ಲವೋ ಯಾರಿಗೆ ಕಾಣುತ್ತದೆ? ಬಾಯಿ ಆಡಿದರೆ ಸಾಕಲ್ಲವೇ, ಇಷ್ಟು ದಿನ ಆಡಿಸಿದ್ದೇನೆ, ಇನ್ನು ಸಾಯುವವರೆಗೆ ಆಡಿಸುತ್ತೇನೆ.

ನಿನ್ನ ಬಳಗಕ್ಕೆ ತಿಳಿಸು. ಕೋರಿಕೆ ಈಡೇರಿತು ಅನ್ನು.

ಇನ್ನಾಸಿ


ಬ್ಯಾಡರಹಳ್ಳಿ
9 ಡಿಸೆಂಬರ್ 2024

ನನ್ನ ಮಗ ಇನ್ನಾಸಿಗೆ,

ಇದನ್ನು ಬರೆಯಲು ಎಷ್ಟು ಹಾಳೆ ಹರಿದೆನೋ. ಮೊದಲು ನಿಜ ಹೇಳಿಬಿಡುತ್ತೇನೆ. ನಿನ್ನ ಕಾಗದದಲ್ಲಿ 'ತೆಗೆದುಕೊಳ್ಳುತ್ತೇನೆ' ಎಂಬುದನ್ನು ಓದಿದಾಗ ನನಗೆ ಸಂತೋಷವಾಯಿತು. ಹೌದು ಕಣೋ, ಸಂತೋಷವಾಯಿತು. ನಿನ್ನ ಬಾಯಾಡಿಸುವ ಮಾತು ಕಣ್ಣಿಗೆ ಬಿದ್ದರೂ ಮನಸ್ಸಿಗೆ ತಾಕಲಿಲ್ಲ. ನಿಮ್ಮಪ್ಪನ ಫೋಟೋದ ಮುಂದೆ ನಿಂತು ಹೇಳಿದೆ. ಫೋನ್ ತೆಗೆದು 'ಸಾಕ್ಷಿ' ಎಂದು ತಲೆಬರಹ ಹಾಕಿ ಬರೆಯತೊಡಗಿದೆ. 'ಪ್ರಿಯರೇ, ನಿಮ್ಮ ಪ್ರಾರ್ಥನೆ ಫಲಿಸಿದೆ.' ಅಲ್ಲಿಗೆ ಬೆರಳು ನಿಂತಿತು. ಹೇಗೆ ಫಲಿಸಿತು ಎಂದು ಬರೆಯಬೇಕಲ್ಲ? ಒಬ್ಬ ಹುಡುಗಿಯ ಮದುವೆ ಮುರಿದು ಫಲಿಸಿತು ಎಂದೇ? ನವೆಂಬರ್ ಮುಗಿಯಿತು, ಕಲಾಳ ಮದುವೆ ನಿಂತೇಹೋಯಿತು.

ನೀನು ಕೇಳಿದ್ದಕ್ಕೆ ಉತ್ತರ. ಮದಲೇನಮ್ಮನಿಗೆ ನಾನು ಇಲ್ಲ ಎನ್ನಲಿಲ್ಲ, ಯಾಕೆಂದರೆ ಇಲ್ಲ ಎಂದರೆ ಮತ್ತೇನು ಎಂದು ಕೇಳುತ್ತಿದ್ದಳು. ಹುಡುಗಿಯ ಮೋಹ ಎಂದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ, ಜಪ ಮಾಡಿ ಬಿಡಿಸುತ್ತಾರೆ. ಆದರೆ ಗುರುವಾಗುವವನಿಗೆ ಪ್ರಾರ್ಥನೆಯೇ ಬರುವುದಿಲ್ಲ, ಅದೂ ಊರಿಗೆಲ್ಲ ಜಪಮಾಲೆ ಹೇಳಿಕೊಡುವ ಕ್ಲಾರ ಟೀಚರ ಮಗನಿಗೆ ಎಂದರೆ ನನ್ನ ಮುಖ ಎಲ್ಲಿಡಲಿ? ಅದಕ್ಕಿಂತ ಹುಡುಗಿಯೇ ಮೇಲು ಅನ್ನಿಸಿತು. ಯಾರೋ ಒಬ್ಬ ಹುಡುಗಿ ಎಂದುಕೊಳ್ಳಲಿ, ಹೆಸರಿಲ್ಲದ ಹುಡುಗಿಗೆ ಏನಾಗುತ್ತದೆ ಎಂದುಕೊಂಡೆ. ಹೆಸರು ಜನವೇ ಹುಡುಕಿಕೊಂಡರು. ಬರೆದದ್ದಕ್ಕಿಂತ ಬಾಯಿ ಮುಚ್ಚಿಕೊಂಡದ್ದೇ ನನ್ನ ದೊಡ್ಡ ತಪ್ಪು.

ಪಾಪನಿವೇದನೆಗೆ ಹೋದೆ. ನಮ್ಮ ಫಾದರ್ ಚೌರಪ್ಪ ಅರ್ಧ ಕೇಳಿ ತೂಕಡಿಸುವವರು, ಅಂದು ತೂಕಡಿಸಲಿಲ್ಲ. "ಅಮ್ಮ, ನಿಮ್ಗೆ ಬೇಕಾಗಿದ್ದು ಸಿಕ್ಕಿದೆ. ಅದನ್ನ ಇಟ್ಕೊಂಡು ಕ್ಷಮೆ ಕೇಳ್ತಾ ಇದೀರಲ್ಲ?" ಅಂದರು. ನಾನು ಅತ್ತೆ. "ಅಳೋದು ಆಮೇಲೆ ಮಾಡಿ. ಮೊದ್ಲು ಆ ಮಗೂಗೆ ಆಗಿರೋದನ್ನ ಸರಿ ಮಾಡೋಕಾಗತ್ತಾ ನೋಡಿ," ಅಂದರು. ಆ ಚಿಕ್ಕ ಕಿಟಕಿಯ ಆಚೆ ಕೂತವರು ಊರಿನ ಪಾಪವನ್ನೆಲ್ಲ ಕೇಳಿಯೂ ಯಾರಿಗೂ ಹೇಳದೆ ಸಾಯುತ್ತಾರೆ. ಪಕ್ಕದಲ್ಲೇ ಆ ಪಾಪನಿವೇದನೆಯ ಕಿಟಕಿ ಇದ್ದಾಗ ನಾನು ನಿನ್ನ ಮಾತನ್ನು ಹೊತ್ತುಕೊಂಡು ಗುಂಪಿಗೆ ಹೋದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ.

ಮನೆಗೆ ಬಂದು ಗುಂಪಿನಲ್ಲೇ ಬರೆದೆ. 'ಸಹೋದರನ ಕಷ್ಟಕ್ಕೂ ಕಲಾಳಿಗೂ ಸಂಬಂಧವಿಲ್ಲ. ತಪ್ಪು ನನ್ನದು. ಆ ಹುಡುಗಿ ನಿರ್ದೋಷಿ.' ಏನಾಯಿತು ಗೊತ್ತೇ? 'ಆಮೆನ್.' 'ಆಮೆನ್ ಟೀಚರ್.' ಮುಗಿದ ಕೈಗಳು, ಗುಲಾಬಿ ಹೂವು. ಯಾರೂ ಓದಲಿಲ್ಲ ಇನ್ನಾಸಿ. ಉದ್ದ ಇದ್ದರೆ ಪ್ರಾರ್ಥನೆ ಎಂದುಕೊಂಡು ಆಮೆನ್ ಹಾಕಿ ಮುಂದೆ ಹೋಗುತ್ತಾರೆ. ನಾನೂ ಎಷ್ಟು ಸಲ ಹಾಗೆ ಹಾಕಿಲ್ಲ. ಓದಿದವಳು ಮದಲೇನಮ್ಮ ಒಬ್ಬಳೇ. ಫೋನ್ ಮಾಡಿ, "ಪಾಪ, ತಾಯಿ ಕರುಳು, ಮುಚ್ಚಾಕ್ತಾ ಇದೀರ," ಅಂದಳು.

ಇನ್ನು ಉಳಿದಿರುವುದು ಕೆಂಗೇರಿಗೆ ನಾನೇ ಹೋಗಿ ಹುಡುಗನ ಮನೆಯವರ ಮುಂದೆ ಹೇಳುವುದು. ಸುಮ್ಮನೆ 'ಹುಡುಗಿ ವಿಷಯ ಅಲ್ಲ' ಎಂದರೆ ಅವರೂ ತಾಯಿ ಕರುಳು ಎನ್ನುತ್ತಾರೆ. ನೀನು ನನಗೆ ಹೇಳಿದ್ದನ್ನೇ ಹೇಳಬೇಕು. ಆದರೆ ಅದು ನಿನ್ನ ಮಾತು. ಒಂದು ಸಲ ಕೇಳದೆ ಕೊಟ್ಟೆ. ಈ ಸಲ ಕೇಳುತ್ತಿದ್ದೇನೆ. ಹೇಳಲೇ? ನೀನು ಹೂಂ ಅಂದರೆ ಮಾತ್ರ ಹೊಸ್ತಿಲು ದಾಟುತ್ತೇನೆ.

ಅಮ್ಮ


ಸಿಂಧನೂರು
18 ಡಿಸೆಂಬರ್ 2024

ಅಮ್ಮ,

ಹೇಳು. ನನಗೆ ಅದರಲ್ಲಿ ನಾಚಿಕೆ ಇಲ್ಲ, ಇದ್ದದ್ದು ನಿನಗೆ.

ಆದರೆ ಮೊದಲು ಉಲ್ಲಾಳಕ್ಕೆ ಹೋಗು. ಕಲಾಳಿಗೆ ಹೇಳು. ಅವಳು ಬೇಡ ಎಂದರೆ ಕೆಂಗೇರಿಗೆ ಹೋಗಬೇಡ. ಅವಳ ಒಳ್ಳೆಯದಕ್ಕೆಂದು ಅವಳನ್ನು ಕೇಳದೆ ಏನನ್ನೂ ಮಾಡಬೇಡ. ನಾನೂ ಅದನ್ನೇ ಮಾಡಲು ಹೊರಟಿದ್ದೆನೇನೋ, ಗೊತ್ತಾಗುತ್ತಿಲ್ಲ.

ಕ್ರಿಸ್ಮಸ್ಸಿಗೆ ಬರಲಾಗುವುದಿಲ್ಲ. ದೀಕ್ಷೆಯ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗಬೇಕು ಎಂದು ಸೆಮಿನರಿಯ ರೆಕ್ಟರ್ ಹೇಳಿ ಕಳಿಸಿದ್ದಾರೆ. ಹೊಸ ವರ್ಷ ಕಳೆದ ಮೇಲೆ ಹೇಳುತ್ತೇನೆ ಎಂದಿದ್ದೇನೆ.

ಇನ್ನಾಸಿ


ಬ್ಯಾಡರಹಳ್ಳಿ
7 ಜನವರಿ 2025

ಪ್ರೀತಿಯ ಇನ್ನಾಸಿ,

ಹಬ್ಬ ಮುಗಿಯಲಿ ಎಂದು ಕಾದಿದ್ದು ಶುಕ್ರವಾರ ಉಲ್ಲಾಳಕ್ಕೆ ಹೋದೆ. ಬಸ್ಸಿನಲ್ಲಿ ಹೇಳಬೇಕಾದದ್ದನ್ನೆಲ್ಲ ಪಾಠದಂತೆ ಒಪ್ಪಿಸಿಕೊಂಡೆ. ಬಾಗಿಲು ತೆಗೆದವಳು ಕಲಾಳ ತಾಯಿ. ನನ್ನನ್ನು ನೋಡಿ ಒಳಗೆ ಹೋದಳು, ಮತ್ತೆ ಹೊರಗೆ ಬರಲೇ ಇಲ್ಲ. ಕಲಾ ನೆಲದ ಮೇಲೆ ಕೂತು ತಾನು ಪಾಠ ಹೇಳುವ ಶಾಲೆಯ ಚಿಕ್ಕ ಮಕ್ಕಳಿಗೆ ಬಣ್ಣದ ಕಾಗದ ಕತ್ತರಿಸುತ್ತಿದ್ದಳು. ಇಳಿದುಹೋಗಿದ್ದಾಳೆ. "ಬನ್ನಿ ಆಂಟಿ, ಕೂತ್ಕೊಳ್ಳಿ," ಅಂದಳು. ಅಷ್ಟು ಮರ್ಯಾದೆ ನನಗೆ ಬೇಕಿರಲಿಲ್ಲ.

ಒಪ್ಪಿಸಿಕೊಂಡದ್ದೆಲ್ಲ ಮರೆತುಹೋಯಿತು. "ಹುಡುಗಿ ವಿಷಯ ಅಲ್ಲಮ್ಮ. ಇನ್ನಾಸಿಗೆ ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ. ಅದನ್ನ ನನ್ಹತ್ರ ಹೇಳಿದ್ದ. ನಾನು ಗುಂಪಲ್ಲಿ ಹಾಕ್ದೆ. ಮದಲೇನಮ್ಮ ಹುಡುಗೀನಾ ಅಂತ ಕೇಳ್ದಾಗ ಇಲ್ಲ ಅನ್ಲಿಲ್ಲ," ಅಂದೆ.

ಕತ್ತರಿ ನಿಂತಿತು. "ಅಷ್ಟೇನಾ?" ಅಂದಳು. ನಾನು ತಲೆಯಾಡಿಸಿದೆ. "ಪ್ರಾರ್ಥನೆ ಬರ್ತಿಲ್ಲ ಅನ್ನೋದನ್ನ ಮುಚ್ಚಿಡೋಕೆ ನನ್ನ ಮದುವೆ ಹೋಯ್ತಾ ಆಂಟಿ?"

 ಕೆಂಗೇರಿಗೆ ಹೋಗಿ ಕಾಲು ಹಿಡಿದಾದರೂ ಹೇಳುತ್ತೇನೆ ಎಂದೆ. "ಹೋಗ್ಬೇಡಿ. ಅಲ್ಲೇನಾಯ್ತು ನಿಮ್ಗೆ ಗೊತ್ತಿಲ್ಲ. ದೇವಾಲಯದಲ್ಲಿ ಬೈಬಲ್ ಮೇಲೆ ಕೈ ಇಟ್ಟು ಪ್ರಮಾಣ ಮಾಡು, ವಿಡಿಯೋ ತೆಗೀತೀವಿ, ಗುಂಪಲ್ಲಿ ಹಾಕಿದ್ರೆ ಎಲ್ಲರ ಬಾಯಿ ಮುಚ್ಚುತ್ತೆ ಅಂದ್ರು. ಹುಡುಗನೂ ಪಕ್ಕದಲ್ಲೇ ಕೂತಿದ್ದ, ಮಾಡ್ಬಿಡು ಕಲಾ, ಎರಡು ನಿಮಿಷ ಅಷ್ಟೇ ಅಂದ. ನಾನು ಮಾಡಲ್ಲ ಅಂದೆ. ಈಗ ನೀವು ಹೋಗಿ ಹೇಳಿದ್ರೆ ನಂಬ್ತಾರೆ ಆಂಟಿ. ಆ ನಂಬಿಕೆ ನಂಗೆ ಬೇಡ."

ಆಗ ನಿನ್ನ ತೀರ್ಮಾನ ಹೇಳಿದೆ, ಅವಳ ಹೆಸರು ಉಳಿಯಲಿ ಎಂದು ದೀಕ್ಷೆ ತೆಗೆದುಕೊಳ್ಳುತ್ತಿದ್ದೀಯ ಎಂದು. ಅವಳಿಗೆ ಸಿಟ್ಟು ಬಂದದ್ದು ಆಗಲೇ. "ನನ್ನ ಹೆಸರು ಉಳಿಸೋಕೆ ಯಾರೂ ಫಾದರ್ ಆಗೋದ್ ಬೇಡ. ಅವ್ರು ಆದ್ರೆ ದೇವರಿಗೋಸ್ಕರ ಆಗ್ಲಿ, ಬಿಟ್ರೆ ಅವ್ರಿಗೋಸ್ಕರ ಬಿಡ್ಲಿ. ನನ್ನನ್ನ ಯಾಕೆ ಎಳೀತೀರ ಎಲ್ಲದಕ್ಕೂ? ಹಂಗಂತಾನೇ ಬರೀರಿ." ಹಾಗಂತಲೇ ಬರೆದಿದ್ದೇನೆ.

ಎದ್ದು ನಿಂತೆ. ಬಾಗಿಲಲ್ಲಿ ಏನಾದರೂ ಹೇಳಬೇಕಲ್ಲ, ಅಭ್ಯಾಸಬಲ. "ನಿನಗೋಸ್ಕರ ದಿನಾ ಪ್ರಾರ್ಥನೆ ಮಾಡ್ತೀನಮ್ಮ," ಅಂದೆ.

"ಬೇಡ ಆಂಟಿ," ಅಂದಳು. ದನಿ ಏರಿಸಲಿಲ್ಲ. "ಬೇರೆ ಏನು ಬೇಕಾದ್ರೂ ಮಾಡಿ. ನನಗೋಸ್ಕರ ಪ್ರಾರ್ಥನೆ ಮಾತ್ರ ಮಾಡ್ಬೇಡಿ."

ಇಷ್ಟು ವಯಸ್ಸಾಯಿತು, ನನಗೆ ಯಾರೂ ಈ ಮಾತು ಹೇಳಿರಲಿಲ್ಲ. ಪಕ್ಕದ ಮನೆಯ ಬಸವರಾಜೇಶ್ವರಿ ಕೂಡ ಮೊಮ್ಮಗನಿಗೆ ಜ್ವರ ಬಂದರೆ 'ನಿಮ್ಮ ಮಾತೆಗೂ ಒಂದು ಮಾತು ಹೇಳ್ರೀ' ಎನ್ನುತ್ತಾರೆ. ನನ್ನಲ್ಲಿ ಕೊಡಲು ಇದ್ದದ್ದು ಅದೊಂದೇ, ಅದನ್ನೇ ಅವಳು ಬೇಡ ಎಂದಳು. ಬಸ್ ನಿಲ್ದಾಣದಲ್ಲಿ ಕೂತು ಎರಡು ಬಸ್ಸು ಬಿಟ್ಟೆ.

ಬಳಗದಿಂದ ಹೊರಗೆ ಬಂದಿದ್ದೇನೆ. ಈಗ ನನಗಾಗಿಯೇ ಸರಪಳಿ ಜಪಮಾಲೆ ಶುರುವಾಗಿದೆಯಂತೆ. ನಡೆಯಲಿ, ನಿನಗೆ ಹೇಗಾಗಿತ್ತು ಎಂದು ನನಗೂ ತಿಳಿಯಲಿ.

ಮೊನ್ನೆ ಭಾನುವಾರ ಪೂಜೆಯಲ್ಲಿ, ನಿಮ್ಮ ನಿಮ್ಮ ಕೋರಿಕೆಗಳನ್ನು ಮೌನವಾಗಿ ದೇವರಿಗೆ ಸಲ್ಲಿಸಿ ಎಂದು ಫಾದರ್ ನಿಲ್ಲಿಸಿದಾಗ ಕಲಾಳ ಹೆಸರು ನಾಲಿಗೆಯ ತುದಿಗೆ ಬಂತು. ಬೇಡ ಎಂದಿದ್ದಾಳೆ, ನುಂಗಿಕೊಂಡೆ. ನಿನ್ನ ಹೆಸರು ಬಂತು. ನಿನ್ನನ್ನು ಕೇಳಿಲ್ಲ, ಅದನ್ನೂ ನುಂಗಿಕೊಂಡೆ. ನನಗಾಗಿ ಏನಾದರೂ ಕೇಳಿಕೊಳ್ಳೋಣ ಎಂದರೆ ಬಾಯಿ ಬರಲಿಲ್ಲ. ಜಪಸರ ಕೈಯಲ್ಲಿತ್ತು, ಮಣಿ ಮುಂದೆ ಹೋಗಲಿಲ್ಲ. ಸುತ್ತ ಎಲ್ಲರ ತುಟಿ ಆಡುತ್ತಿತ್ತು. ನಾನು ಕಲ್ಲಿನ ಹಾಗೆ ಮಂಡಿಯೂರಿದ್ದೆ. ವರ್ಷದಿಂದ ನೀನು ಹೀಗೆಯೇ ಇದ್ದೆಯಾ ಇನ್ನಾಸಿ? ಇದನ್ನು ಹೇಳಲು ಬಂದವನ ತಲೆ ಸವರಿ ನಾನು ಮತ್ತೆ ಕಾಯಿ ತುರಿಯತೊಡಗಿದೆನಾ?

ದೀಕ್ಷೆ ತಗೋ ಅಂತಲೂ ಬಿಡು ಅಂತಲೂ ನಾನು ಹೇಳುವುದಿಲ್ಲ. ಬರುವುದಾದರೆ ಬಾ. ಯಾವತ್ತು ಬರುತ್ತೀಯ ಎಂದು ಯಾರಿಗೂ ತಿಳಿಸುವುದಿಲ್ಲ. ಬಂದವನು ಸಂಜೆ ಮನೆಯ ಪೀಠದ ಮುಂದೆ ಜಪಕ್ಕೆ ಕೂರಬೇಕೆಂದೂ ಇಲ್ಲ. ಈ ಮನೆಯಲ್ಲಿ ಈಗ ಪ್ರಾರ್ಥನೆ ಬಾರದವರು ಇಬ್ಬರು.

ನಿನ್ನ ಅಮ್ಮ